ಹೆತ್ತವಳ ಮುಖ



ಚೀನಾದ ಅನಾಥಾಲಯಗಳಿಂದ ದತ್ತು ಹೋದ ಮಕ್ಕಳ ಭಾವಚಿತ್ರ ಬರೆಯುವವರ ಕೈಗೆ ಎಷ್ಟೋ ಸಲ ಬರುವುದು ಒಂದೇ ಒಂದು ಹಳೆಯ ಫೋಟೊ. ದತ್ತು ಕೊಡುವ ಮುಂಚೆ ಅನಾಥಾಲಯ ಕಳಿಸಿದ್ದು. ಬೋಳಿಸಿದ ತಲೆ, ಹತ್ತಿ ತುಂಬಿದ ದಪ್ಪ ಅಂಗಿ, ನಗದ ಮುಖ. ಅದಕ್ಕಿಂತ ಹಿಂದಿನ ಚಿತ್ರವಿಲ್ಲ. ಹಲವರ ಹುಟ್ಟಿದ ದಿನವೂ ಅಂದಾಜಿನದೇ.

ಬರೆಯುವವರಿಗೆ ಅಲ್ಲೊಂದು ಆಸೆ ಹುಟ್ಟುತ್ತದೆ. ತುಟಿಯ ಅಂಚನ್ನು ಕೊಂಚ ಎತ್ತಿ ನಗಿಸಿಬಿಡೋಣ, ಕಣ್ಣನ್ನು ತುಸು ಅಗಲಿಸೋಣ, ಸಾಕುವ ಮನೆಗೆ ಒಪ್ಪುವಂತೆ ಮಾಡೋಣ. ಪ್ರೀತಿಯಿಂದಲೇ ಹುಟ್ಟುವ ಆಸೆ. ಆದರೂ ಅದಕ್ಕೆ ಸೋಲಬಾರದು ಎನ್ನುತ್ತೇನೆ. ಆ ರೆಪ್ಪೆಯ ಮಡಿಕೆ, ಆ ಮೂಗು, ಆ ಗಲ್ಲ ಹೆತ್ತವರು ಕೊಟ್ಟದ್ದು. ಅವರ ಹೆಸರು ಕಡತದಲ್ಲಿಲ್ಲ. ಮುಖವನ್ನು ಇದ್ದಂತೆಯೇ ಬರೆದರೆ, ಆ ಮಗುವಿಗೆ ಸಿಗುವ ತಾಯಿಯ ಚಿತ್ರವೂ ಅದೇ.

ಆ ತಾಯಿಯ ಮೇಲೆ ತೀರ್ಪು ಹೇಳಲು ನಾವು ಅವಸರಪಡುತ್ತೇವೆ. 1980ರ ಸುಮಾರಿಗೆ ಬಂದ ಒಂದೇ ಮಗುವಿನ ನೀತಿ 2015ರ ಕೊನೆಯವರೆಗೂ ನಡೆಯಿತು. ಮಿತಿ ಮೀರಿದರೆ ಭಾರೀ ದಂಡ, ಕೆಲಸ ಹೋಗುವ ಭಯ. ಮನೆಯೊಳಗೆ ಗಂಡು ಮಗು ಬೇಕೆಂಬ ಒತ್ತಾಯ. ಮಗುವನ್ನು ಬಿಟ್ಟುಹೋಗುವುದೂ ಅಪರಾಧ. ಹಾಗಾಗಿ ಯಾರಾದರೂ ಬೇಗ ಕಂಡು ಎತ್ತಿಕೊಳ್ಳಲೆಂದು ಸಂತೆಯ ಬಳಿ, ಆಸ್ಪತ್ರೆಯ ಬಾಗಿಲಲ್ಲಿ ಹೆಸರಿಲ್ಲದೆ ಮಲಗಿಸಿ ಹೋದವರಿದ್ದಾರೆ. ಎಲ್ಲರೂ ಬಿಟ್ಟುಹೋದವರೂ ಅಲ್ಲ: ಹುನಾನ್ ಪ್ರಾಂತ್ಯದಲ್ಲಿ ಅಧಿಕಾರಿಗಳೇ ಮಕ್ಕಳನ್ನು ಕಿತ್ತುಕೊಂಡು ಹೋದದ್ದನ್ನು 2011ರಲ್ಲಿ ಚೀನಾದ್ದೇ ಪತ್ರಿಕೆಯೊಂದು ಬಯಲಿಗೆಳೆಯಿತು.

ಮೋಶೆಯ ತಾಯಿಯನ್ನು ನೆನೆಯಿರಿ. ಇಬ್ರಿಯರ ಗಂಡು ಕೂಸುಗಳನ್ನು ಕೊಲ್ಲಬೇಕೆಂಬ ಅರಸ ಫರೋಹನ ಆಜ್ಞೆಯಿದ್ದರೂ ಮಗುವನ್ನು ಮೂರು ತಿಂಗಳು ಬಚ್ಚಿಟ್ಟಳು. ಇನ್ನು ಆಗದು ಎಂದಾಗ ಪೆಟ್ಟಿಗೆಗೆ ರಾಳ ಬಳಿದು ಹೊಳೆಯಂಚಿನಲ್ಲಿ ಇಟ್ಟಳು. ಅಕ್ಕ ದೂರದಲ್ಲಿ ನಿಂತು ನೋಡುತ್ತಿದ್ದಳು. ಫರೋಹನ ಮಗಳು ಬಂದು ಮುಚ್ಚಳ ತೆರೆದಳು, ಅಳುವ ಕೂಸನ್ನು ಕಂಡಳು, ಇದು ಇಬ್ರಿಯರ ಮಗುವೆಂದು ಗುರುತಿಸಿದಳು. ಗುರುತಿಸಿಯೇ ಎತ್ತಿಕೊಂಡಳು. ತನ್ನ ತಂದೆ ಕೊಲ್ಲಿಸುತ್ತಿದ್ದ ಜನಾಂಗದ ಮುಖವದು ಎಂದು ಗೊತ್ತಿದ್ದೂ ಎದೆಗೊತ್ತಿಕೊಂಡ ಆ ಹೆಣ್ಣಿನ ಧೈರ್ಯ ನನ್ನನ್ನು ಇಂದಿಗೂ ಅಲುಗಿಸುತ್ತದೆ.

1992ರಿಂದ 2024ರಲ್ಲಿ ಚೀನಾ ವಿದೇಶಿ ದತ್ತಿನ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುವವರೆಗೆ 1,60,000ಕ್ಕೂ ಹೆಚ್ಚು ಮಕ್ಕಳು ಹೊರದೇಶಗಳಿಗೆ ಹೋದರು, ಹೆಚ್ಚಿನವರು ಹೆಣ್ಣುಮಕ್ಕಳು. ಹಲವರು ಈಗ ಬೆಳೆದು, ಡಿಎನ್‌ಎ ಪರೀಕ್ಷೆ ಮಾಡಿಸಿ, ಹೆತ್ತವರನ್ನು ಹುಡುಕುತ್ತಿದ್ದಾರೆ. ಸಾಕಿದ ತಂದೆತಾಯಿ ಇದರಿಂದ ನೋಯಬೇಕಿಲ್ಲ. ಫರೋಹನ ಮಗಳ ಮನೆಯಲ್ಲಿ ಬೆಳೆದ ಮೋಶೆಯೂ ದೊಡ್ಡವನಾದ ಮೇಲೆ ತನ್ನ ಜನರ ಬಳಿಗೆ ಹೋದನು.

ನಮ್ಮ ನಡುವೆಯೂ ದತ್ತು ಪಡೆದ ಮನೆಗಳಿವೆ. ಆ ಮಕ್ಕಳನ್ನು ಕಂಡಾಗ ‘ಪಾಪ’ ಎನ್ನಬೇಡಿ, ‘ಯಾರ ಹಾಗಿದ್ದಾಳೆ?’ ಎಂದು ಕೆದಕಲೂ ಬೇಡಿ. ಈಗ ವಿಜ್ಞಾಪನೆಗೆ ಏಳೋಣ. ಸಾಕಿದವರನ್ನು ಹೆಸರು ಹೇಳಿ ನೆನೆಯುವಾಗ, ಹೆಸರು ತಿಳಿಯದ ಹೆತ್ತವರಿಗಾಗಿಯೂ ಬೇಡಿಕೊಳ್ಳೋಣ.