ಉದ್ಯಾನ ಸೇವೆ ಮತ್ತು ಶ್ರಾವಕನ ಅಹಿಂಸೆ

ಬಡಾವಣೆಯ ಸಾರ್ವಜನಿಕ ಉದ್ಯಾನವನ್ನು ನೋಡಿಕೊಳ್ಳಲು ಸ್ವಯಂಸೇವಕರು ಬೇಕೆಂಬ ಕರೆ ಬಂದಾಗ ಕೆಲವು ಶ್ರಾವಕರ ಮನಸ್ಸಿನಲ್ಲಿ ಒಂದು ಸಂದೇಹ ಏಳುತ್ತದೆ. ನೆಲ ಅಗೆದರೆ ಎರೆಹುಳು ಸಾಯುತ್ತದೆ. ಕಳೆ ಕಿತ್ತರೆ ಏಕೇಂದ್ರಿಯ ಜೀವಕ್ಕೆ ಘಾತವಾಗುತ್ತದೆ. ಮಾಲಿಯ ಸಂಬಳಕ್ಕೆ ದೇಣಿಗೆಯಿತ್ತು, ತಾವು ಗುದ್ದಲಿ ಮುಟ್ಟದಿರುವುದೇ ಅಹಿಂಸಾಧರ್ಮಕ್ಕೆ ಅನುಗುಣವಲ್ಲವೇ? ಧರ್ಮಭೀರುತ್ವದಿಂದ ಹುಟ್ಟಿದ ಈ ಸಂದೇಹವನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆಸ್ರವದ ಜೀವಾಧಿಕರಣವನ್ನು 108 ಬಗೆಯಾಗಿ ವಿಂಗಡಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ 3. ಮನ, ವಚನ, ಕಾಯ ಎಂಬ 3. ಕೃತ, ಕಾರಿತ, ಅನುಮತ ಎಂಬ 3. ಕ್ರೋಧ, ಮಾನ, ಮಾಯೆ, ಲೋಭ ಎಂಬ 4. ಇವುಗಳ ಗುಣಲಬ್ಧವೇ 108. ತಾನು ಮಾಡಿದ್ದು ಕೃತ. ಅನ್ಯರಿಂದ ಮಾಡಿಸಿದ್ದು ಕಾರಿತ. ಮಾಡಿದ್ದನ್ನು ಒಪ್ಪಿದ್ದು ಅನುಮತ. ಹಣ ಕೊಟ್ಟು ಮಾಡಿಸಿದವನ ಖಾತೆಯಲ್ಲಿನ ಬಾಬು ಮಾಲಿಯ ಖಾತೆಗೆ ವರ್ಗವಾಗುವುದಿಲ್ಲ. ಕತ್ತರಿಸಿದ ಹುಲ್ಲುಹಾಸನ್ನು ಮೆಚ್ಚುತ್ತ ಮುಂಜಾನೆ ನಡೆದಾಡುವವನೂ ಈ ಲೆಕ್ಕದಿಂದ ಹೊರಗಿಲ್ಲ.

ಹಾಗಾದರೆ ಕರ್ತವ್ಯವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಮೊದಲಾದವನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಉದ್ಯಾನದಲ್ಲಿ ನಿತ್ಯ ನಡೆಯುವ ಕೆಲಸಗಳೂ ಇವೇ. ಇವುಗಳಲ್ಲಿ ಅಗತ್ಯವೆಷ್ಟು, ಪ್ರಮಾದವೆಷ್ಟು ಎಂದು ವಿವೇಚಿಸುವವರು ಅಲ್ಲಿರಬೇಕು. ಹತ್ತು ಕೆಲಸಗಳ ನಡುವೆ ಓಡಾಡುವ ಮಾಲಿಗೆ ಆ ಬಿಡುವು ಕಡಿಮೆ, ಸ್ವಯಂಸೇವಕನಿಗೆ ಉಂಟು.

ಒಣಗಿದೆಲೆಯ ರಾಶಿಗೆ ಬೆಂಕಿಯಿಟ್ಟರೆ ಅದರಡಿಯ ಇರುವೆ, ಹುಳುಗಳು ಬೇಯುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು. ಶ್ರಾವಕನಿಗೆ ಆ ನಿಷೇಧ ಅದಕ್ಕೂ ಬಹು ಹಿಂದಿನದು. ಅದೇ ಎಲೆಯನ್ನು ಮರದ ಬುಡಕ್ಕೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ನೀರಿನ ವ್ಯಯ ತಗ್ಗುತ್ತದೆ. ವಿಷ ಸಿಂಪಡಿಸುವ ಬದಲು ಕಳೆಯನ್ನು ಬೇಕಾದಷ್ಟೇ ಕೈಯಿಂದ ಕೀಳಬಹುದು. ಜೀವೋತ್ಪತ್ತಿ ಹೆಚ್ಚಿರುವ ಚಾತುರ್ಮಾಸದಲ್ಲಿ ಅಗೆತವನ್ನು ನಿಲ್ಲಿಸಿ ಪ್ಲಾಸ್ಟಿಕ್ ಆಯುವುದಕ್ಕೆ ಸೀಮಿತವಾಗಬಹುದು. ಇಷ್ಟಾದರೂ ಹಿಂಸೆ ಶೂನ್ಯವಾಗದು. ಉಳಿದುದಕ್ಕೆ ಆಲೋಚನೆ, ಪ್ರತಿಕ್ರಮಣಗಳಿವೆ. ಆದರೆ ದೂರ ನಿಂತವನು ಉಳಿಸಲಾರದ ಎಷ್ಟೋ ಜೀವಗಳನ್ನು ಎಚ್ಚರವುಳ್ಳ ಕೈ ಉಳಿಸುತ್ತದೆ.

ಇನ್ನೊಂದು ಅಂಶವೂ ವಿಚಾರಣೀಯ. 1760ರಲ್ಲಿ ಹೈದರಾಲಿ ಆರಂಭಿಸಿದ, ಇಂದು ಸುಮಾರು 240 ಎಕರೆಯಷ್ಟಿರುವ ಬೆಂಗಳೂರಿನ ಲಾಲ್‌ಬಾಗ್ ಆಗಲಿ, ಬೀದಿಯ ಕೊನೆಯ ಪುಟ್ಟ ಉದ್ಯಾನವಾಗಲಿ ಯಾರೊಬ್ಬರ ಸ್ವತ್ತೂ ಅಲ್ಲ. ತನ್ನದಲ್ಲದ್ದನ್ನು ತನ್ನದೆಂಬಂತೆ ಕಾಪಾಡಿ, ತನ್ನದೆನ್ನದೆ ಮನೆಗೆ ಮರಳುವುದು ಅಪರಿಗ್ರಹದ ಅಭ್ಯಾಸ. ಅಲ್ಲಿನ ಹೂವನ್ನು ಪೂಜೆಗೆಂದು ಕೇಳದೆ ಕೊಯ್ದರೂ ಅದು ಅದತ್ತಾದಾನವೇ.

ಬಸದಿಯ ಟ್ರಸ್ಟುಗಳು ಉದ್ಯಾನಕ್ಕೆ ದಾನಿಯ ಹೆಸರು ಕೆತ್ತಿದ ಕಲ್ಲುಬೆಂಚನ್ನು ಕೊಡುವುದು ಶ್ಲಾಘನೀಯ. ಅದರೊಡನೆ ವಾರಕ್ಕೆ ಎರಡು ಗಂಟೆ ಬಾಗಿ ದುಡಿಯುವ ನಾಲ್ವರನ್ನೂ ಕಳುಹಿಸಿದರೆ ಆ ದಾನ ಪೂರ್ಣವಾಗುತ್ತದೆ.