ಎದುರು ಅರ್ಥಧಾರಿಯ ಪ್ರಶ್ನೆ

ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ತೈತ್ತಿರೀಯ ಉಪನಿಷತ್ತಿನ ಗುರು ಸ್ವಾಧ್ಯಾಯ, ಪ್ರವಚನ ಎರಡನ್ನೂ ಬಿಡಬೇಡ ಎನ್ನುತ್ತಾನೆ. ಓದಿನ ಜೊತೆಗೆ ಪ್ರವಚನವೇಕೆ? ಒಬ್ಬನೇ ಓದುವವನ ಉತ್ಸಾಹ ಬೇಗ ಆರುತ್ತದೆ; ಕೇಳುವವರಿದ್ದರೆ ಓದಲೇಬೇಕು. ಮಠದ ಯತಿಗಳಿಗೇನೋ ಇದು ಸರಿ; ದುಡಿದು ಉಣ್ಣುವವರಿಗೆ ಬಿಡುವೆಲ್ಲಿ ಎನ್ನಬಹುದು. ಆದರೆ ಕರಾವಳಿಯ ತಾಳಮದ್ದಳೆಯನ್ನೇ ನೋಡಿ; ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೆಣಕಿದರೆ ರಾಮ ತಡವರಿಸುವಂತಿಲ್ಲ. ಹಗಲು ಅಂಗಡಿಯಲ್ಲೋ ಶಾಲೆಯಲ್ಲೋ ದುಡಿಯುವ ಅರ್ಥಧಾರಿ ರಾತ್ರಿ ರಾಮಾಯಣ ತಿರುವಿಹಾಕುವುದು ಈ ಅಂಜಿಕೆಗೇ. ಇದು ಗೆಲ್ಲುವ ಹಟ, ಜ್ಞಾನವಲ್ಲ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಇಂದು ವಾಲಿಯಾದವನು ನಾಳೆ ರಾಮನಾಗಬೇಕಾದೀತು. ಆಗ ತಾನೇ ಹೂಡಿದ್ದ ವಾದದ ಬಿರುಕನ್ನು ತಾನೇ ಹುಡುಕಬೇಕು.