ಹೆಸರು ಕಿತ್ತ ಬರಹ

2007ರ ಸಂಗತಿ. ಅಂತರ್ಜಾಲದಲ್ಲಿ ತಮ್ಮದೇ ಪುಟ ಮಾಡಿಕೊಂಡು ಬರೆಯುವ ಮಲಯಾಳಂ ಬ್ಲಾಗಿನವರು ಹೆಚ್ಚುತ್ತಿದ್ದ ಕಾಲ. ಒಬ್ಬ ಹೆಂಗಸು ಬ್ಲಾಗಿನಲ್ಲಿ ಬರೆದಿಟ್ಟ ಅಡುಗೆಯ ವಿವರಗಳು ಯಾಹೂ ಕಂಪನಿಯ ಮಲಯಾಳಂ ಪುಟದಲ್ಲಿ ಆಕೆಯನ್ನು ಕೇಳದೆಯೇ ಬಂದವು. ಮಾರ್ಚ್ ತಿಂಗಳಲ್ಲಿ ಬ್ಲಾಗಿನವರೆಲ್ಲ ಸೇರಿ ಪ್ರತಿಭಟಿಸಿದರು.

ಅಡುಗೆಗೂ ಒಡೆಯರಿರ್ತಾರಾ ಅಂತ ನಗಬಹುದು. ಅವಿಯಲ್ ಯಾರಪ್ಪನ ಮನೆಯದ್ದೂ ಅಲ್ಲ, ನಿಜ. ಅಜ್ಜಿ ಹೇಳಿದ ಒಗಟಿಗೆ, ನಾಟಿ ಹಾಡಿಗೆ ಹೆಸರಿಲ್ಲ. ಅವು ಬಾಯಿಂದ ಬಾಯಿಗೆ ಹೋಗಲೆಂದೇ ಇರುವಂಥವು. ಆದರೆ ಅಡುಗೆ ಬೇರೆ, ಮನೆಕೆಲಸ ಮುಗಿಸಿ ಕೂತು ಅದನ್ನು ಬರೆದ ಮಾತು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮೂ ಇದನ್ನು ಒಪ್ಪುತ್ತದೆ: ಹಕ್ಕು ಮಾರಿದ ಮೇಲೂ ‘ಇದು ನಾನು ಬರೆದದ್ದು’ ಅನ್ನುವ ಅಧಿಕಾರ ಬರೆದವರಲ್ಲೇ ಉಳಿಯುತ್ತದೆ.

ಕಂಪನಿಯನ್ನು ಬೈಯುವುದು ಸುಲಭ. ನನ್ನದನ್ನೂ ಹೇಳಬೇಕು. ನಮ್ಮೂರ ಹುಡುಗನೊಬ್ಬ ಗುಂಡ್ಲುಪೇಟೆ ಕಡೆ ಗುತ್ತಿಗೆಗೆ ಜಮೀನು ಹಿಡಿದು, ಶುಂಠಿ ಹಾಕಿ ಕೈಸುಟ್ಟುಕೊಂಡ ಕತೆಯನ್ನು ಫೋನಿನಲ್ಲೇ ಬರೆದಿದ್ದ. ಓದಿದರೆ ಹೊಟ್ಟೆ ಚುರುಕ್ ಅನ್ನುತ್ತಿತ್ತು. ನಾನೇ ನಾಲ್ಕು ವಾಟ್ಸಾಪ್ ಗುಂಪಿಗೆ ಕಳಿಸಿದೆ. ಉದ್ದವಾಯ್ತು ಅಂತ ಕೊನೆಯ ಸಾಲು ತೆಗೆದಿದ್ದೆ. ಅವನ ಹೆಸರಿದ್ದದ್ದು ಅದೇ ಸಾಲಿನಲ್ಲಿ.

ತಿಂಗಳಾದ ಮೇಲೆ ಆ ಬರಹ ತಿರುಗಿ ಅವನ ಫೋನಿಗೇ ಬಂತು, ಇನ್ನಾರದೋ ಹೆಸರು ಹೊತ್ತು.

“ಮೇಷ್ಟ್ರೇ, ಸಾಲ ಇನ್ನೂ ನನ್ನ ಹೆಸರಲ್ಲೇ ಇದೆ. ಕತೆ ಮಾತ್ರ ಅವರದ್ದಾಯ್ತು” ಅಂದ.

ಕದಿಯುವ ಉದ್ದೇಶ ನನಗಿರಲಿಲ್ಲ. ಇರಲಿಲ್ಲ ಅಂದರೆ ಅವನಿಗೇನು ಬಂತು? ನಾಲ್ಕು ಗುಂಪಿಗೂ ಅವನ ಹೆಸರು ಹಾಕಿ ತಿದ್ದುಪಡಿ ಕಳಿಸಿದೆ. ಅದನ್ನು ಮಾತ್ರ ಯಾರೂ ಮುಂದಕ್ಕೆ ಕಳಿಸಲಿಲ್ಲ.